ಮೇರು ದಾಟಿದ ಲೆಕ್ಕ

ರುದ್ರಾಕ್ಷಿ ಸರದ ಮಣಿಗಳನ್ನು ಒಂದೊಂದಾಗಿ ಎಳೆಯುತ್ತಿದ್ದ ಏಕಾಂತಯ್ಯನವರ ಹೆಬ್ಬೆರಳು ತುದಿಯ ದೊಡ್ಡ ಮಣಿ ಮೇರುವಿನ ಹತ್ತಿರ ಬಂದು ತಾನಾಗಿ ನಿಂತಿತು. ಎದುರಿಗೆ ನಾಗರಬಾವಿಯ ಕಾಲೇಜೊಂದರ ಬಿ.ಎಸ್ಸಿ. ಮಕ್ಕಳು; ಆಧುನಿಕ ಸಂಖ್ಯಾ ಸಿದ್ಧಾಂತದ ಮೊದಲ ಪಾಠ. ನಿವೃತ್ತರಾದ ಮೇಲೂ ಈ ಒಂದು ಪಾಠಕ್ಕೆ ಅವರನ್ನೇ ಕರೆಯುತ್ತಿದ್ದರು. ಸುತ್ತಿ ಬರುವ ಲೆಕ್ಕ ತೋರಿಸಲು ಯಾವಾಗಲೂ ಗೋಡೆ ಗಡಿಯಾರ ಹಿಡಿದು ಬರುತ್ತಿದ್ದವರು ಈ ಸಲ ಹೆಂಡತಿಯ ಜಪದ ಸರ ತಂದಿದ್ದರು.

ಸರವನ್ನೇ ತರಬೇಕೆಂಬ ಆಸೆ ಹಳೆಯದು. ಹೆಂಡತಿ ಕಮಲಾಕ್ಷಮ್ಮ ಬಿಟ್ಟಿರಲಿಲ್ಲ. ಜಪ ಮಾಡುವವರು ಮೇರುವಿನವರೆಗೆ ಬಂದು ಸರವನ್ನು ಹಿಂದಕ್ಕೆ ತಿರುಗಿಸಿಕೊಳ್ಳಬೇಕೇ ಹೊರತು ಅದನ್ನು ದಾಟುವಂತಿಲ್ಲ. ಇವರ ಲೆಕ್ಕವೋ, ದಾಟದೆ ಮುಂದೆ ಹೋಗದು. ಪಾಠದ ಹಿಂದಿನ ದಿನ ಆಕೆಯ ಮುಂದೆ ಪಾಠವನ್ನು ಒಪ್ಪಿಸಿ ನೋಡುವುದು ಇವರ ರೂಢಿ. ಆಗ ಕೈ ಸರದ ಕಡೆ ಹೋದರೆ ಸಾಕು, "ನಿಮ್ ಲೆಕ್ಕಕ್ಕೆ ಬೇಕಾದ್ರೆ ನನ್ ಬಳೆ ತಗೊಳ್ಳಿ. ಮೇರು ದಾಟಿದ್ರೋ, ನೋಡಿ ಮತ್ತೆ" ಎಂದು ಗದರುತ್ತಿದ್ದರು. ಆ ಗದರಿಕೆ ಕೇಳಲೆಂದೇ ಏಕಾಂತಯ್ಯ ಬೇಕಂತಲೇ ಕೈ ಚಾಚುತ್ತಿದ್ದುದೂ ಉಂಟು. ಶಿವರಾತ್ರಿಗೆ ಮುಂಚೆ ಆಕೆ ಲಿಂಗೈಕ್ಯರಾದರು. ಸರ ಇವರ ಕೈಗೆ ಬಂತು. ಬೇಕಿದ್ದದ್ದು ಅದಾಗಿರಲಿಲ್ಲ.

ಹೆಬ್ಬೆರಳು ಮೇರುವನ್ನು ದಾಟಿತು.

"ಸಾರ್, ದಾಟ್ಬಾರ್ದು." ಮುಂದಿನ ಬೆಂಚಿನ ಹುಡುಗಿ, ವಚನಾ. "ನಮ್ಮಜ್ಜಿ ನೋಡಿದ್ರೆ ಸರಾನೇ ಕಿತ್ಕೊಂಡ್ಬಿಡ್ತಾರೆ."

"ಮ್ಯಾತ್ಸ್ ಕ್ಲಾಸ್ ಕಣೇ ಇದು, ಮಠ ಅಲ್ಲ," ಎಂದ ಹಿಂದಿನಿಂದ ದರ್ಶನ್. ತರಗತಿ ನಕ್ಕಿತು.

ಏಕಾಂತಯ್ಯ ಅರೆಗಳಿಗೆ ಕಣ್ಣು ಮುಚ್ಚಿದರು. ಮುಖದಲ್ಲಿ ಸಿಟ್ಟಿರಲಿಲ್ಲ. "ಇನ್ನೊಂದ್ ಸಲ ಹೇಳಮ್ಮ," ಎಂದರು.

"ಮೇರು ದಾಟ್ಬಾರ್ದು ಸಾರ್," ಎಂದಳು ವಚನಾ, ಈಗ ದನಿ ತಗ್ಗಿಸಿ.

"ಸರಿಯಾಗೇ ಹೇಳ್ದೆ. ಆದ್ರೆ ಈ ಲೆಕ್ಕದಲ್ಲಿ ದಾಟ್ಲೇಬೇಕು. ಮಣಿ ನೂರ ಎಂಟು, ಮೇರು ಸೇರಿ ನೂರ ಒಂಬತ್ತು. ಮೇರುವೇ ಸೊನ್ನೆ ಅಂತಿಟ್ಕೊಳ್ಳಿ. ನೂರ ಎಂಟಾದ ಮೇಲೆ ಮತ್ತೆ ಸೊನ್ನೆ, ಆಮೇಲೆ ಒಂದು. ಈಗ ಎರಡನ್ನ ಐವತ್ತೈದರಿಂದ ಗುಣಿಸಿ."

"ನೂರ ಹತ್ತು." ವಚನಾ ಗಾಳಿಯಲ್ಲಿ ಬೆರಳಿನಿಂದ ಸುತ್ತು ಹಾಕಿದಳು. "ಅಂದ್ರೆ, ಒಂದ್ ಸುತ್ತು ಮುಗ್ದು, ಒಂದಕ್ಕೆ ಬಂತು."

"ಗುಣಿಸಿದಾಗ ಒಂದಕ್ಕೆ ಬಂದ್ರೆ ಅವೆರಡೂ ಜೊತೆ. ಹಾಗಾಗಿ ಎರಡಕ್ಕೆ ಐವತ್ತೈದು ಜೊತೆ. ಮೂರಕ್ಕೆ ಎಪ್ಪತ್ಮೂರು. ನೂರ ಒಂಬತ್ತು ಅವಿಭಾಜ್ಯ ಸಂಖ್ಯೆ ನೋಡಿ, ಅದಕ್ಕೇ ಎಲ್ಲಾ ಮಣಿಗೂ ಜೊತೆ ಸಿಗುತ್ತೆ. ಮೇರು ಬಿಟ್ಟು ಬರೀ ನೂರ ಎಂಟರಲ್ಲಿ ಲೆಕ್ಕ ಮಾಡಿ, ಎರಡಕ್ಕೇ ಜೊತೆ ಸಿಗಲ್ಲ."

ಹುಡುಗರು ತಲೆ ತಗ್ಗಿಸಿ ಜೊತೆ ಹುಡುಕತೊಡಗಿದರು. ನಾಲ್ಕಕ್ಕೆ ಎಂಬತ್ತೆರಡು ಎಂದ ಒಬ್ಬ. ನೂರ ಎಂಟಕ್ಕೆ ನೂರ ಎಂಟೇ ಜೊತೆ ಎಂದು ಇನ್ನೊಬ್ಬಳು ಬೆರಗಾದಳು.

"ಮೇರುಗೆ, ಸಾರ್?" ದರ್ಶನ್ ಕೇಳಿದ. ಈ ಸಲ ತಮಾಷೆಗಲ್ಲ.

"ಸೊನ್ನೇನ ಯಾವುದರಿಂದ ಗುಣಿಸಿದ್ರೂ ಸೊನ್ನೇನೇ ಕಣಪ್ಪ. ಅದಕ್ಕೆ ಜೊತೆ ಇಲ್ಲ." ಏಕಾಂತಯ್ಯ ತಿರುಗಿ, ಒರೆಸಿದ್ದ ಹಲಗೆಯನ್ನೇ ಮತ್ತೆ ಒರೆಸಿದರು.

ಪಾಠ ಮುಗಿದ ಮೇಲೆ ವಚನಾ ಮೇಜಿನ ಹತ್ತಿರ ಬಂದಳು. "ಬೇಜಾರ್ ಮಾಡ್ಕೋಬೇಡಿ ಸಾರ್. ನಿಮಗೆ ಗೊತ್ತಿಲ್ವೇನೋ ಅಂತ ಹೇಳ್ಬಿಟ್ಟೆ."

"ಗೊತ್ತಿತ್ತಮ್ಮ."

"ಮತ್ತೆ?"

ಏಕಾಂತಯ್ಯ ಸರವನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿದರು.

"ಬೆಳಿಗ್ಗೆ ಮನೇಲೂ ದಾಟಿ ನೋಡ್ದೆ, ದೇವರ ಮುಂದೆ ಕೂತೇ. ಯಾರೂ ಏನೂ ಅನ್ನಲಿಲ್ಲ."