ಎರಡನೇ ಭಾಗದ ಉಸಿರು

ರಂಜನಿ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು ಕುರ್ಚಿಯನ್ನು ಹಿಂದಕ್ಕೆ ದೂಡಿದಳು. ಕಿಟಕಿಯ ತುಂಬ ಭಾನುವಾರದ ಬಿಸಿಲಿತ್ತು, ಆದರೂ ಅವಳ ತೋಳಿನ ರೋಮ ಎದ್ದು ನಿಂತಿತ್ತು.

“ಆ ಉಸಿರಿನ ಸದ್ದಿಗೆ ಜೀವ ಬಾಯಿಗೆ ಬಂತು ಗುರು! ಎಲ್ಲಿಂದ ತಂದೆ ಅದನ್ನ?”

“ಎಲ್ಲೋ ಇಂಟರ್‌ನೆಟ್‌ನಲ್ಲಿ ಸಿಕ್ತು,” ಎಂದ ಆಕರ್ಷ್, ಅವಳ ಮುಖ ನೋಡದೆ.

ಜಕ್ಕೂರಿಗೆ ಹತ್ತಿರದ ಸಿಂಗಾಪುರ ಬಡಾವಣೆಯಲ್ಲಿ, ಆಕರ್ಷನ ಮನೆಯ ಈ ಮಹಡಿ ಕೋಣೆಯಲ್ಲಿ ಕೂತು ಇಬ್ಬರೂ ಸೇರಿ ಮಾಡಿದ ‘ಬೀಗದ ಮನೆ’ ಎಂಬ ಹಾರರ್ ಗೇಮು ಒಂದಷ್ಟು ಹೆಸರು ಮಾಡಿತ್ತು. ಕೈಯಲ್ಲೊಂದು ಟಾರ್ಚು, ಸುತ್ತ ಕತ್ತಲೆ, ಬೆನ್ನ ಹಿಂದೆ ಮುಖ ಕಾಣದ ಒಬ್ಬಳು. ಅವಳ ಕೈಗೆ ಸಿಗದೆ ಹೊರಗೆ ಬಂದರೆ ಗೆದ್ದಂತೆ. ನಾಳೆ ಅದರ ಎರಡನೇ ಭಾಗ ಬಿಡುಗಡೆ. ಕೊನೆಯ ಸಲ ಆಡಿ ನೋಡುವ ಕೆಲಸ ರಂಜನಿಯದು. ಹೊಗಳುವುದಿರಲಿ, ಬೈಯುವುದಿರಲಿ, ಅವಳು ಯಾವುದರಲ್ಲೂ ಜಿಪುಣತನ ಮಾಡುವವಳಲ್ಲ.

“ಲೈಟಿಂಗ್ ಸೂಪರ್. ಆ ಕೆರೆ, ಅರ್ಧಕ್ಕೆ ನಿಂತಿರೋ ಅಪಾರ್ಟ್‌ಮೆಂಟು, ಎಲ್ಲ ಮೊದಲನೇದಕ್ಕಿಂತ ಎಷ್ಟೋ ಚೆನ್ನಾಗಿದೆ. ಆದ್ರೆ ಟಾರ್ಚ್ ಸೆಲ್ ಎಲ್ಲಿ ನೋಡಿದ್ರೂ ಬಿದ್ದಿದೆ, ಪುಗಸಟ್ಟೆ ಹಂಚಿದ ಹಾಗೆ. ಕತ್ತಲೆ ಅಂದ್ರೆ ಭಯಾನೇ ಇಲ್ಲ. ಮಧ್ಯದಲ್ಲಿ ಕಥೆ ಎಳೆಯುತ್ತೆ. ಬೀಗ ತೆಗೆಯೋ ಪಜಲ್ ಅಂತೂ ಮತ್ತೆ ಮತ್ತೆ ಅದೇ. ಆ ಉಸಿರೊಂದು ಇರೋದ್ರಿಂದ ಬಚಾವ್. ಅದಿಲ್ದಿದ್ರೆ ಜನ ಮುಖಕ್ಕೆ ಉಗೀತಾರೆ ಕಣೋ.”

ಆಕರ್ಷ್ ಹೂಂ ಅಂದ. ಆ ಸದ್ದು ಇಂಟರ್‌ನೆಟ್‌ನಲ್ಲಿ ಸಿಕ್ಕಿದ್ದಲ್ಲ. ಅದು ಅವನ ತಾಯಿ ವೇದವತಿಯ ಉಸಿರು. ಕಳೆದ ಚಳಿಗಾಲದಲ್ಲಿ ಅವಳ ಶ್ವಾಸಕೋಶ ಕೈಕೊಟ್ಟಾಗ, “ಉಸಿರಾಡೋ ಸದ್ದು ರೆಕಾರ್ಡ್ ಮಾಡಿ ಕಳಿಸಿ, ಕೇಳಿ ಹೇಳ್ತೀನಿ,” ಎಂದಿದ್ದರು ಡಾಕ್ಟರು. ಆಕರ್ಷನ ಫೋನನ್ನು ಅವಳ ಎದೆಯ ಹತ್ತಿರ ಹಿಡಿದು ಕೂತವರು ಅಪ್ಪ ಸೇತುರಾಮರು. ಆಕರ್ಷ್ ಪಕ್ಕದ ಕೋಣೆಯಲ್ಲಿದ್ದ. ಆ ಸದ್ದು ಕೇಳಲಾರದೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೆಲಸದಲ್ಲಿ ಮುಳುಗಿದ್ದ. ಅಮ್ಮ ಹೋದಳು, ರೆಕಾರ್ಡಿಂಗ್ ಫೋನಿನಲ್ಲೇ ಉಳಿಯಿತು. ತಿಪ್ಪರಲಾಗ ಹಾಕಿದರೂ ಹೊಸ ಆಟಕ್ಕೆ ಹೆದರಿಕೆ ಕೂಡಿಬರದಿದ್ದಾಗ, ಒಂದು ದಿನ ಅದನ್ನೇ ಆ ಮುಖ ಕಾಣದವಳ ಉಸಿರಾಗಿ ಹಾಕಿ ನೋಡಿದ. ನಡುವೆ ಒಂದು ಕಡೆ ಅಪ್ಪನ ದನಿಯಿತ್ತು: “ಇಲ್ಲೇ ಇದೀನಿ ಕಣೇ.” ಅಷ್ಟನ್ನು ಕತ್ತರಿಸಿ ತೆಗೆದ. ಆಟಕ್ಕೆ ಕಳೆ ಬಂತು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು, ಆದರೆ ಸದ್ದನ್ನು ತೆಗೆಯಲು ಮನಸ್ಸು ಬರಲಿಲ್ಲ. ಅಪ್ಪ ಗೇಮು ಗೀಮು ಎಂದು ಕಣ್ಣೆತ್ತಿಯೂ ನೋಡುವವರಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು ಎಂದು ಸಮಾಧಾನ ಹೇಳಿಕೊಂಡಿದ್ದ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಸೇತುರಾಮರು ಕಾಫಿ ಲೋಟಗಳನ್ನು ಹಿಡಿದು ಬಂದವರು, ಪರದೆ ಕಂಡು ಅಲ್ಲೇ ನಿಂತರು.

“ಇದು ಜಕ್ಕೂರು ಕೆರೆ ಏರಿ ಅಲ್ವೇನೋ? ನಾನೂ ನಿಮ್ಮಮ್ಮನೂ ವಾಕಿಂಗ್ ಹೋಗ್ತಿದ್ವಲ್ಲ, ಅದೇ ಜಾಗ!”

“ಕೂತ್ಕೊಳಿ ಅಂಕಲ್, ನೀವೂ ಒಂದ್ಸಲ ಆಡಿ ನೋಡಿ,” ಎಂದಳು ರಂಜನಿ. ಆಕರ್ಷ್ ಬೇಡ ಎನ್ನುವಷ್ಟರಲ್ಲಿ ಅವಳು ಹೆಡ್‌ಫೋನನ್ನು ಅವರ ಕಿವಿಗೆ ಹಾಕಿ, ನಡೆಯುವ ಕೀ ಯಾವುದು, ಓಡುವ ಕೀ ಯಾವುದು ತೋರಿಸಿಯೂ ಆಗಿತ್ತು.

ಹಾರರ್ ಗೇಮನ್ನು ಅಷ್ಟು ನಿಧಾನವಾಗಿ ಆಡಿದವರು ಇನ್ನೊಬ್ಬರಿರಲಿಕ್ಕಿಲ್ಲ. ಸೇತುರಾಮರು ಏರಿಯ ಮೇಲೆ ಆರಾಮವಾಗಿ ನಡೆದರು. ಕಲ್ಲುಬೆಂಚಿನ ಮುಂದೆ ನಿಂತು ನೀರು ನೋಡಿದರು. ಅಷ್ಟರಲ್ಲಿ ಪರದೆಯ ಅಂಚು ಕಪ್ಪಾಗತೊಡಗಿತು. ಆ ಮುಖ ಕಾಣದವಳು ಹತ್ತಿರ ಬಂದಳೆಂದು ಅರ್ಥ. ಹೆಡ್‌ಫೋನಿನೊಳಗೆ ಈಗ ಏನು ಕೇಳುತ್ತಿದೆ ಎಂದು ಆಕರ್ಷನಿಗೆ ಚೆನ್ನಾಗಿ ಗೊತ್ತಿತ್ತು.

“ಓಡಿ ಅಂಕಲ್! ಹಿಂದೇನೇ ಇದಾಳೆ, ಓಡಿ!” ಎಂದು ರಂಜನಿ ಕೂಗಿದಳು.

ಸೇತುರಾಮರು ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ತಲೆ ಒಂದಿಷ್ಟು ವಾಲಿಸಿ ಕೇಳಿಸಿಕೊಂಡರು.

“ಇಲ್ಲೇ ಇದೀನಿ ಕಣೇ,” ಎಂದರು ಮೆಲ್ಲಗೆ.

ಪರದೆ ಪೂರ್ತಿ ಕಪ್ಪಾಯಿತು. ‘ನೀವು ಸಿಕ್ಕಿಬಿದ್ದಿರಿ’ ಎಂಬ ಕೆಂಪು ಅಕ್ಷರ ಮೂಡಿತು. ರಂಜನಿ ಸೇತುರಾಮರ ಮುಖ, ಆಕರ್ಷನ ಮುಖ ನೋಡಿದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

“ಅಪ್ಪಾ... ತಪ್ಪಾಯ್ತು. ನಾನು...” ಎಂದ ಆಕರ್ಷ್.

ಸೇತುರಾಮರು ಹೆಡ್‌ಫೋನ್ ತೆಗೆದು, ಅದರ ವೈರನ್ನು ಜೋಪಾನವಾಗಿ ಸುತ್ತಿಟ್ಟರು.

“ಚೆನ್ನಾಗಿ ಮಾಡಿದೀಯ ಕಣೋ. ಏರಿ, ಬೆಂಚು, ನೀರಿನ ಮೇಲಿರೋ ಬೆಳಕು, ಎಲ್ಲ ಇದ್ದ ಹಾಗೇ ಇದೆ. ತಪ್ಪು ಅಂದ್ರೆ ಒಂದೇ.” ಎದ್ದು ಬಾಗಿಲವರೆಗೆ ಹೋಗಿ ನಿಂತರು. “ಅವಳು ಬಂದ್ರೆ ಎಲ್ಲರೂ ಓಡಿಹೋಗೋ ಹಾಗೆ ಮಾಡಿದೀಯ.”

ಅವರು ಇಳಿದುಹೋದರು. ಕಾಫಿಗೆ ಕೆನೆ ಕಟ್ಟಿತು.

“ಆ ಉಸಿರನ್ನ ತೆಗೆದುಬಿಡೋಣ,” ಎಂದ ಆಕರ್ಷ್.

“ಜನ ಉಗೀತಾರೆ,” ಎಂದಳು ರಂಜನಿ. ಈ ಸಲ ಅವಳ ದನಿಯಲ್ಲಿ ಹಟವಿರಲಿಲ್ಲ.

“ಉಗೀಲಿ.”

ತೆಗೆಯುವುದಕ್ಕೆ ಮುಂಚೆ ಅವನು ಹೆಡ್‌ಫೋನನ್ನು ತನ್ನ ಕಿವಿಗೆ ಹಾಕಿಕೊಂಡು, ಏರಿಯ ಮೇಲೆ ಬೆಂಚಿನವರೆಗೆ ನಡೆದ. ಪರದೆಯ ಅಂಚು ಕಪ್ಪಾಗತೊಡಗಿತು. ಓಡುವ ಕೀಯಿಂದ ಬೆರಳು ತೆಗೆದು, ಆಕರ್ಷ್ ಕಾದು ನಿಂತ.