ಒದ್ದೆ ಬಟ್ಟೆ

ಚಿಕ್ಕತಾಯಮ್ಮನ ಅಣಬೆಗಳ ಮೇಲೆ ಕಂದು ಕಲೆ ಬಿದ್ದು, ಮುಟ್ಟಿದರೆ ಲೋಳೆ ಅಂಟಲು ಶುರುವಾಗಿ ಹದಿನೈದು ದಿನವಾಗಿತ್ತು. ಅವಳಿಗೆ ತಲೆ ಕೆಟ್ಟುಹೋಗಿತ್ತು. ಅಣಬೆ ಬೆಳೆಯುವ ಕೊಠಡಿಯಲ್ಲಿ ಎಡಗಡೆ ತೂಗುಹಾಕಿದ್ದ ಹುಲ್ಲಿನ ಚೀಲಗಳು ಅವಳವು, ಬಲಗಡೆಯವು ಓರಗಿತ್ತಿಯವು. ಬೆಳಗಾದರೆ ಸಾಕು, ಅವಳು ಮಗುವಿನ ಮುಖ ಒರೆಸಿದಂತೆ ತನ್ನ ಅಣಬೆಗಳನ್ನು ಒರೆಸುತ್ತಿದ್ದಳು. ಓರಗಿತ್ತಿ ಬಾಗಿಲಲ್ಲೇ ನಿಂತು, ಎಲೆ ಅಡಿಕೆ ಮೆಲ್ಲುತ್ತಾ ಒಂದು ಸಲ ಇಣುಕಿ ಹೊರಟುಬಿಡುತ್ತಿದ್ದಳು.

“ನಿನ್ನ ಸೋಮಾರಿತನದ ಕೊಳೆಯೆಲ್ಲ ನನ್ನ ಕಡೀಕೆ ಹರಡ್ತಾ ಅದೆ ಕಣೆ,” ಎಂದಳು ಚಿಕ್ಕತಾಯಮ್ಮ.

“ನನ್ನವು ಬೆಳ್ಳಗೇ ಅವಲ್ಲಕ್ಕ?”

“ರೋಗ ತಂದುಹಾಕೋರಿಗೆ ಏನಾದದು? ನಾಳೆ ಮೇಡಂ ಬರ್ತಾರೆ. ಯಾರಿಂದ ಕೆಟ್ಟಿತು ಅಂತಾರೋ ಅವರು ಇಲ್ಲಿಗೆ ಕಾಲಿಡಬಾರದು. ಬೀಗದ ಕೈ ಇನ್ನೊಬ್ಬರದು. ಒಪ್ತೀಯಾ?”

“ಆಗ್ಲಿ ಬುಡಕ್ಕ.”

ಮರುದಿನ ತೋಟಗಾರಿಕೆ ಇಲಾಖೆಯ ಮೇಡಂ ಬಂದು ಎರಡೂ ಕಡೆ ನೋಡಿದರು.

“ಇದು ಬ್ಯಾಕ್ಟೀರಿಯಾ ರೋಗ. ಕಲೆ ಬಿದ್ದಿದ್ದನ್ನ ಮುಟ್ಟಿದ ಒದ್ದೆ ಕೈಯಲ್ಲೇ ಚೆನ್ನಾಗಿರೋದನ್ನ ಮುಟ್ಟಿದ್ರೆ ಅದಕ್ಕೂ ಅಂಟುತ್ತೆ.”

ಚಿಕ್ಕತಾಯಮ್ಮ ಓರಗಿತ್ತಿಯ ಕೈಗಳನ್ನೇ ದುರುಗುಟ್ಟಿ ನೋಡಿದಳು. ಮೇಡಂ ನೋಡುತ್ತಿದ್ದುದು ಚಿಕ್ಕತಾಯಮ್ಮನ ಹೆಗಲ ಮೇಲಿದ್ದ ಒದ್ದೆ ಬಟ್ಟೆಯನ್ನು.

“ಇದರಲ್ಲಿ ಯಾವ್ಯಾವುದನ್ನ ಒರೆಸ್ತೀರಮ್ಮ?”

“ನನ್ನವು ಅಷ್ಟನ್ನೂ ಮೇಡಂ, ದಿನಾ,” ಎಂದಳು ಅವಳು ಹೆಮ್ಮೆಯಿಂದ. “ಒಂದನ್ನೂ ಬುಟ್ಟಿಲ್ಲ.”

ಓರಗಿತ್ತಿ ಮೆಲ್ಲುವುದನ್ನು ನಿಲ್ಲಿಸಿ, ಬೀಗದ ಕೈಗಾಗಿ ಚಿಕ್ಕತಾಯಮ್ಮನ ಮುಂದೆ ಅಂಗೈ ಚಾಚಿದಳು.