ಜಾರಿದವನಲ್ಲ

“ಕಾಲು ಜಾರಿ ಬಿದ್ದ ಅಂದ್ಬಿಡಮ್ಮ. ಪೇಂಟರ್ ಅಲ್ವಾ, ಯಾರು ಇಲ್ಲ ಅಂತಾರೆ?” ಎಂದರು ಚರ್ಚಿನ ಮಂಡಳಿಯ ಯಜಮಾನರು, ಹೊಸ್ತಿಲಿನ ಆಚೆಯೇ ನಿಂತು. ಒಳಗೆ ತಮ್ಮನ ಹೆಣದ ಪಕ್ಕ ಕೂತಿದ್ದ ಅಕ್ಕ, ಅವನ ಉಗುರಿನ ಸಂದಿಯಲ್ಲಿ ಕಚ್ಚಿಕೊಂಡಿದ್ದ ಹಸಿರು ಬಣ್ಣವನ್ನು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ತಿಕ್ಕುತ್ತಿದ್ದಳು. ತಲೆ ಎತ್ತಲಿಲ್ಲ.

“ಇಲ್ಲ ಅನ್ನೋನು ಇಲ್ಲೇ ಮಲಗಿದಾನೆ,” ಎಂದಳು. “ಎತ್ತರದ ಮೇಲೆ ನಿಂತೇ ಅನ್ನ ದುಡಿದವನು. ನಿಮ್ಮ ಚರ್ಚಿನ ಗೋಪುರಕ್ಕೆ ಬಣ್ಣ ಬಳಿದಾಗ ನೀವು ಕೆಳಗೆ ಏಣಿ ಹಿಡ್ಕೊಂಡು ನಡುಗ್ತಿದ್ರಿ, ಅವನು ಮೇಲೆ ನಿಂತು ಶಿಳ್ಳೆ ಹಾಕ್ತಿದ್ದ. ಈಗ ಸತ್ತ ಮೇಲೆ ಅವನ ಕಸುಬಿಗೂ ಮಸಿ ಬಳೀಬೇಕಾ ಯಜಮಾನ್ರೇ?”

ಯಜಮಾನರು ಪಕ್ಕದಲ್ಲಿದ್ದ ಪಾದ್ರಿಯ ಮುಖ ನೋಡಿದರು. ಪಾದ್ರಿ ಚಿಕ್ಕ ವಯಸ್ಸಿನವರು, ಈ ಚರ್ಚಿಗೆ ಬಂದು ವರ್ಷ ತುಂಬಿರಲಿಲ್ಲ. ನಡೆದದ್ದೇನೆಂದು ಮೂವರಿಗೂ ಗೊತ್ತಿತ್ತು. ಊಟ ನಿದ್ದೆ ಬಿಟ್ಟು, ಡಾಕ್ಟರ ಗುಳಿಗೆ ನುಂಗಿಯೂ ದಿನದಿನಕ್ಕೆ ಇಳಿದು ಹೋಗುತ್ತಿದ್ದವನು, ನಿನ್ನೆ ರಜೆಯ ದಿನ, ಬ್ರಷ್ಷೂ ಇಲ್ಲದೆ ಡಬ್ಬಿಯೂ ಇಲ್ಲದೆ ನೀರಿನ ಟ್ಯಾಂಕು ಹತ್ತಿದ್ದ.

“ಅಮ್ಮಾ, ನಿಯಮ ಹಿಂದಿನಷ್ಟು ಬಿಗಿ ಇಲ್ಲ,” ಎಂದು ಪಾದ್ರಿ ಮೆಲ್ಲಗೆ ಬಾಯಿಬಿಟ್ಟರು. “ತಾವಾಗೇ ಹೋದವರಿಗೂ ಪ್ರಾರ್ಥನೆ ಇದೆ. ಆದ್ರೆ ಜನ...”

“ಜನ ಪೆಟ್ಟಿಗೆಗೆ ಹೆಗಲು ಕೊಡಲ್ಲ,” ಯಜಮಾನರು ಮಾತು ಮುಗಿಸಿದರು. “ದೇವರು ಕೊಟ್ಟ ಜೀವಾನ ತಾನೇ ತೆಗೆದವನಿಗೆ ಸ್ವರ್ಗ ಇಲ್ಲ ಅಂತ ಹಾಲು ಕುಡಿಯೋವಾಗಿಂದ ಕೇಳಿ ಬೆಳೆದ ಜನ. ನೀನು ಹೂಂ ಅಂದ್ರೆ ಅವನು ನಿಮ್ಮಮ್ಮನ ಸಮಾಧಿ ಪಕ್ಕದಲ್ಲೇ ಮಲಗ್ತಾನೆ. ಉಹೂಂ ಅಂದ್ರೆ ಕಾಂಪೌಂಡಿನ ಮೂಲೆ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ನೀನು ಸುಳ್ಳಾಡೋದೂ ಬೇಡ, ಬಾಯಿ ಮುಚ್ಕೊಂಡಿದ್ರೆ ಸಾಕು.”

ಅಕ್ಕ ಬಟ್ಟೆ ಕೆಳಗಿಟ್ಟಳು. “ಫಾದರ್, ನನಗೊಂದು ಹೇಳಿ. ಜಾರಿ ಬಿದ್ದವನಿಗೆ ಕ್ಷಮೆ ಏತಕ್ಕೆ? ಏನು ತಪ್ಪು ಮಾಡಿದ ಅಂತ ದೇವರು ಕ್ಷಮಿಸ್ತಾನೆ? ಕ್ಷಮೆ ಬೇಕಾಗಿರೋದು ನನ್ನ ತಮ್ಮನಿಗೆ. ನೀವು ಯಾರೋ ಜಾರಿದವನನ್ನ ಹುಡುಕಿ ತಂದು ದೇವರ ಮುಂದೆ ನಿಲ್ಲಿಸಿದ್ರೆ, ಇವನು ಎಲ್ಲಿಗೆ ಹೋಗ್ಬೇಕು?”

ಪಾದ್ರಿ ಹೊಸ್ತಿಲಿನಿಂದಲೇ ಹೆಣದತ್ತ ಶಿಲುಬೆಯ ಗುರುತು ಹಾಕಿದರು. ಯಜಮಾನರು ಅದನ್ನೇ ಒಪ್ಪಿಗೆ ಎಂದು ಲೆಕ್ಕ ಹಾಕಿ, ಪೆಟ್ಟಿಗೆ ಹೊರಲು ನಾಲ್ವರನ್ನು ಕಳಿಸುತ್ತೇನೆಂದು ಹೇಳಿ ಹೊರಟರು.

ಚರ್ಚು ತುಂಬಿತ್ತು. ಪಾದ್ರಿ ಪೆಟ್ಟಿಗೆಯ ತಲೆಯ ಬಳಿ ನಿಂತು, ಯಾರ ಕಣ್ಣನ್ನೂ ನೋಡದೆ ಶುರು ಮಾಡಿದರು: “ಕೆಲಸದ ಮೇಲಿದ್ದಾಗ ಅಕಸ್ಮಾತ್ತಾಗಿ ಕಾಲು ಜಾರಿ ನಮ್ಮನ್ನಗಲಿದ ಈ ಸಹೋದರನ...”

“ಜಾರಿಲ್ಲ ಫಾದರ್.” ಅಕ್ಕ ಎದ್ದು ನಿಂತಿದ್ದಳು. ಮಾತು ಕೊನೆಯ ಸಾಲಿನವರೆಗೂ ಕೇಳಿಸಿತು. “ನನ್ನ ತಮ್ಮ ತಾನಾಗೇ ಹೋದ. ಸುಸ್ತಾಗಿ ಹೋದ. ನನಗೆ ಅದು ಒಪ್ಪಿಗೆ ಇಲ್ಲ, ಇವತ್ತು ಎದ್ದು ಬಂದ್ರೆ ಕೆನ್ನೆಗೆ ಎರಡು ಬಾರಿಸ್ತೀನಿ. ಆದ್ರೆ ದೇವರ ಮನೆಯೊಳಗೆ ಅವನನ್ನ ಬೇರೆ ವೇಷ ಹಾಕಿಸಿ ನುಗ್ಗಿಸಲ್ಲ.”

ಬೆಂಚುಗಳು ಕಿರುಗುಟ್ಟಿದವು. ಯಜಮಾನರು ಮೊದಲು ಎದ್ದರು. ಅವರು ಕಳಿಸಿದ್ದ ನಾಲ್ವರೂ ಎದ್ದರು. ದೊಡ್ಡಪ್ಪನ ಮಕ್ಕಳು ನೆಲ ನೋಡುತ್ತಾ ಅವರ ಹಿಂದೆ ಹೋದರು. ಹೋಗುವವರ ಕಾಲ ಸಪ್ಪಳ ನಿಲ್ಲುವವರೆಗೂ ಅಕ್ಕ ಕೂರಲಿಲ್ಲ. “ಹೋಗ್ಲಿ ಬಿಡಿ. ಹೆಗಲಿಲ್ಲದಿದ್ರೆ ಗಾಡಿ ಇದೆ, ನಾನೇ ತಳ್ತೀನಿ. ಮೂಲೆಯಾದ್ರೂ ಸರಿ, ಅದೂ ಆ ದೇವರ ನೆಲವೇ ತಾನೇ.”

ಪಾದ್ರಿಯ ಕಿವಿ ಕೆಂಪೇರಿತ್ತು. ಕೈಯಲ್ಲಿದ್ದ ಪುಸ್ತಕ ಮುಚ್ಚಿ ಪೆಟ್ಟಿಗೆಯ ಮೇಲಿಟ್ಟು, ಚಿಕ್ಕ ಹುಡುಗನಂತೆ ಕೇಳಿದರು: “ಹಾಗಾದ್ರೆ ಏನಂತ ಬೇಡ್ಕೊಳ್ಳಲಿ ಅಕ್ಕಾ?”

“ಬೈಯೋದಿದ್ರೆ ಆಮೇಲೆ ಬೈಯಿ, ಮೊದಲು ಒಳಗೆ ಕರ್ಕೋ ಅಂತ.”

ಪಾದ್ರಿ ಕೈ ಜೋಡಿಸಿ ಅಷ್ಟನ್ನೇ ಹೇಳಿದರು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಯಜಮಾನರ ಹೆಂಡತಿ ಎದ್ದರು. ಗಂಡನ ಹಿಂದೆ ಹೊರಟರೆಂದು ಎಲ್ಲರೂ ಕಾಲು ಮಡಿಸಿ ದಾರಿ ಬಿಟ್ಟರು. ಆಕೆ ನಡುವಿನ ಹಾದಿಗೆ ಬಂದವರು ಬಾಗಿಲಿನ ಕಡೆ ತಿರುಗಲೇ ಇಲ್ಲ.

“ನಮ್ಮ ಮಗಳು ಹೋಗಿದ್ದೂ ಜ್ವರದಿಂದ ಅಲ್ಲ, ಫಾದರ್,” ಎಂದರು. “ಅವಳಿಗೂ ಸೇರಿಸಿ ಬೇಡ್ಕೊಳ್ಳಿ.”

ಅಕ್ಕ ಒಂದು ಪಕ್ಕಕ್ಕೆ ಸರಿದು, ಬೆಂಚಿನ ಮೇಲೆ ಅಂಗೈ ತಟ್ಟಿದಳು.

“ಬಾ ತಾಯಿ, ಮುಂದೆ ಬಾ. ಇದು ಮನೆಯವರು ಕೂರೋ ಜಾಗ.”